ನಡುವಯಸ್ಸಿನ ಗಂಡಸರ ಕಲಾತ್ಮಕ ಈಜು: ನಾವು ಕಲಿತ ಬಗೆ

ಗಂಡಸರು ನೀರಿನಲ್ಲಿ ಅಂಗಾತ ಮಲಗಿದರೆ ಮೊದಲು ಇಳಿಯುವುದು ಕಾಲು. ದೇಹವನ್ನು ತೇಲಿಸುವ ಗಾಳಿ ಎದೆಗೂಡಿನಲ್ಲಿದೆ, ಭಾರದ ಕೇಂದ್ರ ಸೊಂಟದ ಹತ್ತಿರವಿದೆ. ಈ ಅಂತರವೇ ಕಾಲನ್ನು ಕೆಳಗೆಳೆಯುತ್ತದೆ. ಕಾಲು ಬಡಿದು ಪ್ರಯೋಜನವಿಲ್ಲ. ತೋಳುಗಳನ್ನು ನೀರಿನೊಳಗೇ ತಲೆಯಾಚೆ ಚಾಚಿದರೆ ಭಾರ ಎದೆಯ ಕಡೆ ಸರಿದು ಕಾಲ್ಬೆರಳು ಮೇಲೇಳುತ್ತವೆ. ಕಲಾತ್ಮಕ ಈಜಿಗೆ, ಅಂದರೆ ಸಂಗೀತಕ್ಕೆ ತಕ್ಕಂತೆ ನೀರಿನಲ್ಲಿ ಒಟ್ಟಾಗಿ ಮಾಡುವ ಚಲನೆಗಳಿಗೆ, ನಲವತ್ತೈದು ದಾಟಿದ ಎಂಟು ಗಂಡಸರ ತಂಡ ಕಟ್ಟಿದಾಗ ನಾವು ಶುರುಮಾಡಿದ್ದು ಇಲ್ಲಿಂದಲೇ.

ಮುಂದಿನದು ಸ್ಕಲ್ಲಿಂಗ್, ಅಂದರೆ ಕೈಯನ್ನು ನೀರಿನೊಳಗೇ ಅತ್ತಿತ್ತ ಬೀಸಿ ದೇಹವನ್ನು ತೇಲಿಸುವುದು, ಸಾಗಿಸುವುದು. ಈ ಆಟದ ಜೀವ ಇರುವುದೇ ಇದರಲ್ಲಿ. ಮೊಣಕೈ ಪಕ್ಕೆಯ ಹತ್ತಿರ ನಿಲ್ಲಬೇಕು, ಮುಂಗೈ ಮಾತ್ರ ಆಡಬೇಕು. ಕೈ ಹೊರಗೆ ಹೋಗುವಾಗ ಹೆಬ್ಬೆರಳು ಕೆಳಗೆ, ಒಳಗೆ ಬರುವಾಗ ಕಿರುಬೆರಳು ಕೆಳಗೆ. ಎರಡೂ ಬೀಸಿನಲ್ಲಿ ಒತ್ತಡ ಒಂದೇ ಸಮ ಇರಬೇಕು. ನೀರನ್ನು ನೇರ ಕೆಳಕ್ಕೆ ತಳ್ಳುವುದು ಎಲ್ಲರೂ ಮಾಡುವ ತಪ್ಪು: ತಳ್ಳಿದ ಕೈಯನ್ನು ಮತ್ತೆ ಎತ್ತಲೇಬೇಕು, ಎತ್ತಿದಾಗ ದೇಹ ಇಳಿಯುತ್ತದೆ. ತಲೆಯ ದಿಕ್ಕಿಗೆ ಸಾಗಲು ಮಣಿಕಟ್ಟು ಬಾಗಿಸಿ ಬೆರಳು ಮೇಲೆ ಮಾಡಿ, ಅಂಗೈ ಪಾದದ ಕಡೆಗಿರಲಿ. ಮೊದಮೊದಲು ಕಾಲ ನಡುವೆ ಪುಲ್ ಬಾಯ್ (ಕಾಲನ್ನು ತೇಲಿಸಿಡುವ ಫೋಮ್ ತುಂಡು) ಸಿಕ್ಕಿಸಿಕೊಂಡರೆ ಗಮನವೆಲ್ಲ ಕೈಮೇಲಿರುತ್ತದೆ.

ನಿಂತು ತೇಲಲು ಎಗ್‌ಬೀಟರ್ ಒದೆತ: ಕುರ್ಚಿಯಲ್ಲಿ ಕೂತಂತೆ ತೊಡೆ ಅಗಲಿಸಿ, ಬೆನ್ನು ನೆಟ್ಟಗಿಟ್ಟು, ಕಾಲುಗಳನ್ನು ಒಂದಾದ ಮೇಲೊಂದರಂತೆ ವೃತ್ತದಲ್ಲಿ ತಿರುಗಿಸುವುದು. 30 ಸೆಕೆಂಡು ಒದೆತ, 30 ಸೆಕೆಂಡು ವಿರಾಮ, ನಾಲ್ಕು ಸುತ್ತು ಸಾಕು. ಮಂಡಿಯ ಒಳಬದಿ ನೋಯತೊಡಗಿದರೆ ಅಂದಿಗೆ ಅಲ್ಲಿಗೇ ನಿಲ್ಲಿಸಿ.

ಸಂಗೀತ ನಿಮಿಷಕ್ಕೆ 96 ಬಡಿತದ್ದನ್ನು ಆರಿಸಿದೆವು. ಎಂಟು ಎಣಿಕೆಗೆ ಸರಿಯಾಗಿ 5 ಸೆಕೆಂಡು, ಎರಡು ನಿಮಿಷಕ್ಕೆ ಇಂಥ 24 ‘ಎಂಟು’. ಕಾಗದದಲ್ಲಿ 24 ಸಾಲು ಎಳೆದು ಪ್ರತಿ ಸಾಲಿಗೆ ಒಂದೇ ಚಲನೆ ಬರೆದು, ಮೊದಲು ಕೊಳದ ದಡದಲ್ಲಿ ನಿಂತು ಕೈಯಲ್ಲೇ ಆಡಿದೆವು. ದಡದಲ್ಲಿ ತಪ್ಪುವ ಎಣಿಕೆ ನೀರಿನಲ್ಲಿ ಖಂಡಿತ ತಪ್ಪುತ್ತದೆ. ನೀರೊಳಗಿನ ಸ್ಪೀಕರ್ ಇಲ್ಲದಿದ್ದರೆ ಕೊಳದ ಉಕ್ಕಿನ ಏಣಿಗೆ ಚಮಚದಿಂದ ತಾಳ ಬಡಿಯಿರಿ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುವುದರಿಂದ ಎಂಟೂ ಜನಕ್ಕೆ ಒಂದೇ ಕ್ಷಣ ಕೇಳುತ್ತದೆ.

ಈ ವಯಸ್ಸಿನಲ್ಲಿ ಇದೇಕೆ ಎನ್ನುವವರಿಗೆ ಬಿಲ್ ಮೇ ಅವರ ಹೆಸರು ಹೇಳುತ್ತೇವೆ. 2004ರಲ್ಲಿ ಸ್ಪರ್ಧೆ ಬಿಟ್ಟಿದ್ದ ಈ ಅಮೆರಿಕನ್ ಕಲಾತ್ಮಕ ಈಜುಗಾರ, ವಿಶ್ವ ಚಾಂಪಿಯನ್‌ಷಿಪ್ ಮೊದಲ ಬಾರಿ ಗಂಡು-ಹೆಣ್ಣಿನ ಮಿಶ್ರ ಜೋಡಿಗೆ ಬಾಗಿಲು ತೆರೆದ 2015ರಲ್ಲಿ ಮರಳಿ ಬಂದು, 36ನೇ ವಯಸ್ಸಿನಲ್ಲಿ ಚಿನ್ನ ಗೆದ್ದರು.

ಉಸಿರಿನ ವಿಷಯದಲ್ಲಿ ಸಲಿಗೆ ಬೇಡ. ಮುಳುಗುವ ಮೊದಲು ಬಿರುಸಾಗಿ ಹಲವು ಸಲ ಉಸಿರೆಳೆದರೆ ರಕ್ತದ ಇಂಗಾಲದ ಡೈಆಕ್ಸೈಡ್ ತಗ್ಗುತ್ತದೆ. ಉಸಿರು ಬೇಕೆನ್ನಿಸುವ ಮೊದಲೇ ಪ್ರಜ್ಞೆ ತಪ್ಪಬಹುದು. ನಮ್ಮ ಮಿತಿ ಎರಡು ಎಂಟು, ಅಂದರೆ 10 ಸೆಕೆಂಡು. ಒಬ್ಬರು ಮುಳುಗಿದಾಗ ಇನ್ನೊಬ್ಬರ ಕಣ್ಣು ಅವರ ಮೇಲೇ. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ತಲೆಕೆಳಗಾಗಬಾರದು. ಮೂಗಿನ ಕ್ಲಿಪ್ ಜಾರದಿರಲು ಹಾಕುವ ಮೊದಲು ಮೂಗಿನ ಎಣ್ಣೆಜಿಡ್ಡು ಒರೆಸಿ.

ಕೊನೆಯ ನಕ್ಷತ್ರಾಕಾರಕ್ಕೆ ಪಾದಗಳನ್ನು ನಡುವೆ ಕೂಡಿಸಿದರೆ ಭಾರವಾದ ಕಾಲುಗಳೆಲ್ಲ ಒಂದೇ ಕಡೆ ಸೇರಿ ಮಧ್ಯಭಾಗ ಕುಸಿಯುತ್ತದೆ. ತಲೆಗಳನ್ನು ನಡುವೆ ತಂದು, ಚಾಚಿದ ಕೈಗಳನ್ನು ಹಿಡಿದುಕೊಳ್ಳಿ. ಬೇಗ ಮುಳುಗುವವರ ಎರಡೂ ಪಕ್ಕ ಚೆನ್ನಾಗಿ ತೇಲುವವರಿರಲಿ. ಹಿಡಿತ ಸಡಿಲವಾಗಿರಬೇಕು; ಒಬ್ಬರು ಗಟ್ಟಿ ಹಿಡಿದರೆ ಆ ಬಿಗಿತ ಇಡೀ ಸುತ್ತಿಗೆ ಹರಿದು ಪಾದಗಳು ಒಂದೊಂದಾಗಿ ಇಳಿಯುತ್ತವೆ.