‘ಲಾಸ್ಟ್ ರೇಟ್ ಎಷ್ಟು?’ ಅಂದರೆ ಉತ್ತರ ಬರೋದಿಲ್ಲ

ಫೆಬ್ರವರಿ ಬಂತೆಂದರೆ ಕೊಡಗಿನ ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದ ಪಂಪ್‌ಸೆಟ್ ಅಂಗಡಿಯವರು ಫೋನ್ ಎತ್ತುವುದೇ ಅಪರೂಪ. ರೊಬಸ್ಟಾ ಕಾಫಿಯ ಹೂವಿಗೆ ನೀರು ಕೊಡುವ ಕಾಲ, ಎಲ್ಲರಿಗೂ ಒಂದೇ ಸಲ ಪೈಪು, ನೀರು ಚಿಮ್ಮಿಸುವ ಜೆಟ್ಟು ಬೇಕು. ಮಳೆ ಹಿಡಿಯುವ ಮುಂಚೆ ವೀಡ್ ಕಟರ್, ಇನ್ವರ್ಟರ್ ಬ್ಯಾಟರಿಯವರದೂ ಇದೇ ಪಾಡು. ಕೌಂಟರಿನಲ್ಲಿ ನಿಂತೇ ಒಂದು ನಿಮಿಷದಲ್ಲಿ ಉತ್ತರಿಸಬಹುದಾದ ಮೆಸೇಜಿಗೆ ಅವರು ಮೊದಲು ಉತ್ತರ ಹಾಕುತ್ತಾರೆ. ತಿರುಗಿ ನಾಲ್ಕು ಪ್ರಶ್ನೆ ಕೇಳಬೇಕಾದದ್ದನ್ನು ‘ಆಮೇಲೆ ನೋಡೋಣ’ ಎಂದು ಬಿಡುತ್ತಾರೆ, ಅದು ಅಲ್ಲಿಗೇ ಮುಳುಗುತ್ತದೆ.

ಹಾಗಾಗಿ ‘ಹಾಯ್’ ಎಂದು ಹಾಕಿ ಕಾಯಬೇಡಿ. ಮೊದಲ ಮೆಸೇಜಿನಲ್ಲೇ ಕೊಟೇಶನ್ ಬರೆಯಲು ಬೇಕಾದಷ್ಟು ವಿಷಯ ಇರಲಿ:

“ನಮಸ್ಕಾರ ಸಾರ್. ಸಿದ್ದಾಪುರದ ಹತ್ತಿರ 5 ಎಕರೆ ರೊಬಸ್ಟಾ, ಕೆರೆ ನೀರು. ನೀರಿನಿಂದ ಪಂಪ್ ಇಡುವ ಜಾಗಕ್ಕೆ 4 ಮೀಟರ್ ಎತ್ತರ, ಅಲ್ಲಿಂದ ತೋಟದ ತುದಿಗೆ 25 ಮೀಟರ್ ಏರು, ಪೈಪ್ ದಾರಿ 300 ಮೀಟರ್. ಡೀಸೆಲ್ ಪಂಪ್‌ಸೆಟ್, ಪೈಪ್, ಜೆಟ್ ಸೇರಿಸಿ ಕೊಟೇಶನ್ ಬೇಕು. ಫೆಬ್ರವರಿ 10ರೊಳಗೆ ಡೆಲಿವರಿ, ತೋಟದವರೆಗೆ ಪಿಕಪ್ ಬರುತ್ತದೆ. ನೆಟ್‌ವರ್ಕ್ ಸಿಗುವುದು ಮಧ್ಯಾಹ್ನ 1ರಿಂದ 2, ಸಂಜೆ 6ರ ಮೇಲೆ.”

ಕೊನೆಯ ಸಾಲು ಮರೆಯಬೇಡಿ. ತೋಟದೊಳಗೆ ಸಿಗ್ನಲ್ ಇರುವುದಿಲ್ಲ. ಅವರು ಒಮ್ಮೆ ಫೋನ್ ಮಾಡಿ ‘ವ್ಯಾಪ್ತಿ ಪ್ರದೇಶದಲ್ಲಿಲ್ಲ’ ಕೇಳಿದರೆ ಮತ್ತೆ ಮಾಡುವುದು ಅನುಮಾನ.

ಅಳತೆಯಲ್ಲಿ ಹೆಚ್ಚು ಎಡವುವುದು ಆ 4 ಮೀಟರ್ ವಿಷಯದಲ್ಲಿ. ಇಂದಿನ ನೀರಿನ ಮಟ್ಟವಲ್ಲ, ಮಾರ್ಚ್ ಕೊನೆಗೆ ಕೆರೆ ಎಲ್ಲಿಗೆ ಇಳಿಯುತ್ತದೋ ಆ ಮಟ್ಟ ಹಿಡಿಯಿರಿ. ದಡದಲ್ಲಿಟ್ಟ ಪಂಪ್‌ಗೆ ನೀರು ಏರುವುದು ಗಾಳಿಯ ಒತ್ತಡದಿಂದ. ಮಡಿಕೇರಿಯಂಥ ಸಾವಿರ ಮೀಟರ್ ದಾಟಿದ ಎತ್ತರದಲ್ಲಿ ಆ ಒತ್ತಡವೇ ಕಮ್ಮಿ, 6 ಮೀಟರ್ ಮೀರಿದರೆ ಪಂಪ್ ನೀರು ಹಿಡಿಯಲು ತಕರಾರು ಮಾಡುತ್ತದೆ. ಇನ್ನೊಂದು ಲೆಕ್ಕ: ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು 1 ಲಕ್ಷ ಲೀಟರ್. ಕೆರೆಯಲ್ಲಿ ಅಷ್ಟಿಲ್ಲದಿದ್ದರೆ ಪಂಪಿನ ರೇಟ್ ಕೇಳಿ ಏನು ಪ್ರಯೋಜನ?

ಬಿಡಿಭಾಗ ಬೇಕಿದ್ದರೆ ಯಂತ್ರದ ನೇಮ್‌ಪ್ಲೇಟಿನ ಫೋಟೋ ಸಾಕು. ಮೊದಲು ಗ್ರೀಸ್ ಒರೆಸಿ, ಸೀರಿಯಲ್ ನಂಬರ್ ಓದಲು ಬರಬೇಕು. ವಾಯ್ಸ್ ಮೆಸೇಜ್ ಬೇಡ, ಗಿರಾಕಿಗಳ ಗದ್ದಲದಲ್ಲಿ ಯಾರೂ ಕೇಳುವುದಿಲ್ಲ. ಸಬ್ಸಿಡಿಯಲ್ಲಿ ಬೇಕಾದರೆ ಮೊದಲೇ ಹೇಳಿ, ಅದರ ಕಾಗದಪತ್ರವೇ ಬೇರೆ. ಚೌಕಾಸಿ ಮಾತ್ರ ಕೊಟೇಶನ್ ಬಂದ ಮೇಲೆ. ಮೊದಲೇ ‘ಲಾಸ್ಟ್ ರೇಟ್’ ಕೇಳುವವರು ಬರೀ ವಿಚಾರಿಸುವವರೆಂದು ಅಂಗಡಿಯವರ ಎಣಿಕೆ, ಅದು ಅಷ್ಟೇನೂ ತಪ್ಪಲ್ಲ.

ಒಂದು ಕೆಲಸದ ದಿನ ಕಾಯಿರಿ. ಉತ್ತರ ಬರದಿದ್ದರೆ ನಿಮ್ಮ ಹಳೇ ಮೆಸೇಜಿಗೇ ರಿಪ್ಲೈ ಒತ್ತಿ ‘ಸಾರ್, ಇದರ ಕೊಟೇಶನ್ ಇವತ್ತು ಸಿಗಬಹುದಾ?’ ಎಂದು ಹಾಕಿ. ವಿವರವೆಲ್ಲ ಮತ್ತೆ ಮೇಲೆ ಬರುತ್ತದೆ, ಅವರು ಹುಡುಕುವಂತಿಲ್ಲ. ಒಂದೇ ಅಂಗಡಿಯ ಮೂವರಿಗೆ ಕಳಿಸಬೇಡಿ, ‘ಅವನು ಹೇಳಿರುತ್ತಾನೆ’ ಎಂದು ಮೂವರೂ ಸುಮ್ಮನಿರುತ್ತಾರೆ. ಅಂಗಡಿಗೇ ಹೋಗುವುದಾದರೆ ಮಡಿಕೇರಿಯಲ್ಲಿ ಶುಕ್ರವಾರದ ಸಂತೆ ತಪ್ಪಿಸಿ, ಊಟದ ಹೊತ್ತು ಕಳೆದು ಎರಡೂವರೆಯಿಂದ ನಾಲ್ಕರೊಳಗೆ ಹೋಗಿ. ಎಲ್ಲಕ್ಕಿಂತ ಸುಲಭದ ದಾರಿ, ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಹುತ್ತರಿ ಕಳೆದ ಕೂಡಲೇ ವಿಚಾರಿಸುವುದು. ಆಗ ಅವರೇ ತೋಟಕ್ಕೆ ಬಂದು ಅಳತೆ ತೆಗೆದಾರು.

ಅಡ್ವಾನ್ಸ್ ಕೊಟ್ಟ ಮೇಲೂ ಮೌನವಾದರೆ ಮಾತು ಬೇರೆ. ಕೊಟ್ಟ ಮೊತ್ತ, ದಿನಾಂಕ, ರಸೀದಿಯ ಫೋಟೋ ಹಾಕಿ, ಇಂಥ ದಿನದೊಳಗೆ ಮಾಲು ಅಥವಾ ಹಣ ಎಂದು ಬರೆದು ಕಳಿಸಿ. ಆ ದಿನ ದಾಟಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಮೊದಲು ಕೇಳುವುದು ಬಿಲ್ಲು, ರಸೀದಿ. ಅಡ್ವಾನ್ಸ್ ಕೊಡುವಾಗಲೇ ಅದನ್ನು ಕೇಳಿ ಪಡೆಯಿರಿ.