ಅಡೋಬೊ ಮಾಡೋಣ: ಮನೆಯಲ್ಲೇ ಒಂದು ಫಿಲಿಪ್ಪೀನ್ಸ್ ಊಟ

ಕೋಳಿ ಸಾರು ಅಂದ ಕೂಡಲೇ ನಮ್ಮ ಕೈ ಮಸಾಲೆ ಡಬ್ಬಿಯ ಕಡೆ ಹೋಗುತ್ತದೆ. ಫಿಲಿಪ್ಪೀನ್ಸ್‌ನ ಅಡೋಬೊ ಮಾಡುವ ದಿನ ಆ ಡಬ್ಬಿಯನ್ನು ಮುಚ್ಚಿಡಿ. ಶುಂಠಿ ಬೇಡ, ಧನಿಯಾ ಬೇಡ, ಖಾರದ ಪುಡಿಯಂತೂ ಬೇಡವೇ ಬೇಡ. ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ, ಕರಿಮೆಣಸು, ಎರಡು ಮೂರು ಎಲೆ. ಇಷ್ಟರಲ್ಲೇ ಬೆಂದ ಮಾಂಸ ಬಿಸಿ ಅನ್ನದ ಜೊತೆ ಎಷ್ಟು ರುಚಿ ಅಂದರೆ, ಅಲ್ಲಿನ ಮನೆಗಳಲ್ಲಿ ಇದು ವಾರದ ಯಾವ ದಿನಕ್ಕೂ ಆಗುವ ಅಡುಗೆ.

ಸ್ಪೇನಿನವರು 1565ರಲ್ಲಿ ಬಂದು ನೆಲೆಯೂರುವ ಮೊದಲೇ ಆ ದ್ವೀಪಗಳ ಜನ ಮಾಂಸ, ಮೀನನ್ನು ವಿನೆಗರ್ ಹಾಕಿ ಬೇಯಿಸುತ್ತಿದ್ದರು. ಸೆಕೆಯ ನಾಡು, ಫ್ರಿಜ್ ಇಲ್ಲದ ಕಾಲ. ಹುಳಿ ಮತ್ತು ಉಪ್ಪು ಸೇರಿದರೆ ಅಡುಗೆ ಬೇಗ ಕೆಡುವುದಿಲ್ಲ. ಸೋಯಾ ಸಾಸ್ ಚೀನೀ ವ್ಯಾಪಾರಿಗಳ ಕೊಡುಗೆ. ಅದಿಲ್ಲದೆ ಬರೀ ಉಪ್ಪು ಹಾಕಿ ಮಾಡುವ ಬಿಳಿ ಅಡೋಬೊ ಇವತ್ತಿಗೂ ಇದೆ. ಬಟಾಂಗಾಸ್ ಕಡೆ ಅರಿಶಿನ ಹಾಕುತ್ತಾರೆ, ಬಿಕೋಲ್ ಕಡೆ ತೆಂಗಿನಹಾಲು.

ಹಾಗಾಗಿ ವಿನೆಗರ್ ಚೆನ್ನಾಗಿರಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸಿಂಥೆಟಿಕ್ ವಿನೆಗರ್ ಇಲ್ಲಿ ನಡೆಯುವುದಿಲ್ಲ. ಅದರಲ್ಲಿ ಬರೀ ಹುಳಿ ಇದೆ, ರುಚಿ ಇಲ್ಲ. ಬಾಟಲಿಯ ಮೇಲಿನ ಚೀಟಿ ಓದಿ, ಹುದುಗಿಸಿ ಮಾಡಿದ ಕಬ್ಬಿನ ವಿನೆಗರ್ ಕೊಳ್ಳಿ. ಮಂಗಳೂರು, ಗೋವಾ ಕಡೆಯ ತೆಂಗಿನ ಶೇಂದಿಯ ವಿನೆಗರ್ ಸಿಕ್ಕರೆ ಇನ್ನೂ ಒಳ್ಳೆಯದು. ಫಿಲಿಪ್ಪೀನ್ಸ್‌ನಲ್ಲೂ ತೆಂಗಿನ ಶೇಂದಿಯಿಂದ ವಿನೆಗರ್ ಮಾಡುತ್ತಾರೆ.

ಎಲೆಯ ವಿಷಯದಲ್ಲೂ ಸ್ವಲ್ಪ ಜಾಗ್ರತೆ. ನಮ್ಮ ಪಲಾವ್ ಎಲೆಗೆ ಉದ್ದಕ್ಕೂ ಮೂರು ನರ, ಚಕ್ಕೆಯ ವಾಸನೆ. ಅಡೋಬೊಗೆ ಬೇಕಾದ್ದು ನಡುವೆ ಒಂದೇ ನರ ಇರುವ ಲಾರೆಲ್ ಎಲೆ. ದೊಡ್ಡ ಅಂಗಡಿಗಳಲ್ಲಿ ಬೇ ಲೀಫ್ ಅಂತ ಕೇಳಿ, ನರ ನೋಡಿ ತೆಗೆದುಕೊಳ್ಳಿ. ಸಿಗದಿದ್ದರೆ ಒಂದೇ ಒಂದು ಪಲಾವ್ ಎಲೆ ಸಾಕು.

ನಾಲ್ಕು ಜನಕ್ಕೆ ಮೂಳೆ ಸಮೇತ 1 ಕೆ.ಜಿ. ಕೋಳಿ ತೊಡೆ, ಕಾಲು ತನ್ನಿ. ಎದೆಯ ಭಾಗ ಬೇಡ, ನಾರಾಗುತ್ತದೆ. ಚರ್ಮ ಇದ್ದರೆ ಒಳ್ಳೆಯದು. ಹಂದಿ ಮಾಂಸ ತಿನ್ನುವವರು ಕೊಬ್ಬಿರುವ ಹೊಟ್ಟೆಯ ಭಾಗ ತಂದು ದೊಡ್ಡ ತುಂಡು ಮಾಡಿಕೊಳ್ಳಿ. ಒಂದಿಡೀ ಗೆಡ್ಡೆ ಬೆಳ್ಳುಳ್ಳಿ ಬಿಡಿಸಿ ಜಜ್ಜಿ. ಮಾಂಸಕ್ಕೆ ಬೆಳ್ಳುಳ್ಳಿ, ⅓ ಕಪ್ ಸೋಯಾ ಸಾಸ್, ಒಂದು ಚಮಚ ಇಡೀ ಕರಿಮೆಣಸು, ಮೂರು ಲಾರೆಲ್ ಎಲೆ ಸೇರಿಸಿ ಅರ್ಧ ಗಂಟೆ ಇಡಿ. ಉಪ್ಪು ಈಗಲೇ ಬೇಡ. ಸೋಯಾದಲ್ಲೇ ಜಾಸ್ತಿ ಇರುತ್ತದೆ.

ದಪ್ಪ ತಳದ ಸ್ಟೀಲ್ ಪಾತ್ರೆ ಇಡಿ. ಹುಳಿ ತಾಗುವುದರಿಂದ ಅಲ್ಯೂಮಿನಿಯಂ ಬೇಡ. ಎರಡು ಚಮಚ ಎಣ್ಣೆ ಕಾಯಿಸಿ, ಮಾಂಸದ ತುಂಡುಗಳನ್ನಷ್ಟೇ ಎತ್ತಿ ಹಾಕಿ ಎರಡೂ ಕಡೆ ಕೆಂಪಗೆ ಮಾಡಿ. ಆಮೇಲೆ ಉಳಿದ ಸೋಯಾ, ಬೆಳ್ಳುಳ್ಳಿ ಎಲ್ಲ ಸುರಿದು, ಒಂದು ಕಪ್ ನೀರು ಹಾಕಿ. ಕುದಿ ಬಂದ ಮೇಲೆ ½ ಕಪ್ ವಿನೆಗರ್.

ಈಗ ಸೌಟು ಕೆಳಗಿಡಿ. ವಿನೆಗರ್ ಹಾಕಿದ ಮೇಲೆ ಅದು ಚೆನ್ನಾಗಿ ಕುದಿಯುವ ತನಕ ಕದಡಬಾರದು, ಮುಚ್ಚಳವನ್ನೂ ಮುಚ್ಚಬಾರದು. ಫಿಲಿಪ್ಪೀನ್ಸ್‌ನ ಅಮ್ಮಂದಿರು, ಅಜ್ಜಿಯರು ಕಲಿಸುವ ಮೊದಲ ಪಾಠ ಇದೇ. ಐದಾರು ನಿಮಿಷ ತೆರೆದಿಟ್ಟು ಕುದಿಸಿದರೆ ಮೂಗಿಗೆ ಹೊಡೆಯುವ ಘಾಟು ಹಬೆಯಲ್ಲಿ ಹೋಗುತ್ತದೆ, ಹುಳಿ ಹದವಾಗುತ್ತದೆ. ಅಡುಗೆಮನೆಯ ವಾಸನೆ ಬದಲಾಗುವುದು ನಿಮಗೇ ತಿಳಿಯುತ್ತದೆ. ಆಮೇಲೆ ಮುಚ್ಚಿ, ಸಣ್ಣ ಉರಿಯಲ್ಲಿ ಕೋಳಿಗೆ ಮೂವತ್ತೈದು ನಿಮಿಷ, ಹಂದಿಗೆ ಒಂದರಿಂದ ಒಂದೂವರೆ ಗಂಟೆ. ಹಂದಿಗೆ ನೀರು ಇನ್ನೊಂದು ಕಪ್ ಬೇಕಾದೀತು. ಕುಕ್ಕರ್‌ಗೆ ಹಾಕುವ ಆಸೆ ಬರುತ್ತದೆ, ದಯವಿಟ್ಟು ಬೇಡ. ಕೊನೆಗೆ ಮುಚ್ಚಳ ತೆಗೆದು, ರಸ ಗಟ್ಟಿಯಾಗಿ ಎಣ್ಣೆ ಬಿಡುವವರೆಗೆ ಕುದಿಸಿ. ರುಚಿ ನೋಡಿ. ಹುಳಿ ಮುಂದಾಗಿದ್ದರೆ ಅರ್ಧ ಚಮಚ ಸಕ್ಕರೆ.

ಮಾಂಸ ಬೇಯುವಾಗ ತರಕಾರಿಗೆ ಬೇಕಾದಷ್ಟು ಸಮಯ ಸಿಗುತ್ತದೆ. ಈ ಊಟಕ್ಕೆ ಎರಡು ಪಲ್ಯ ಸಾಕು.

ಮೊದಲನೆಯದು ಎನ್ಸಲಾಡಾಂಗ್ ತಲೋಂಗ್, ಸುಟ್ಟ ಬದನೆಕಾಯಿಯದು. ನಮ್ಮ ಬದನೆಕಾಯಿ ಗೊಜ್ಜಿನ ತಂಗಿ ಅನ್ನಬಹುದು. ಉದ್ದ ಬದನೆಕಾಯಿ ಮೂರನ್ನು ಗ್ಯಾಸ್ ಉರಿಯ ಮೇಲೆ ಸಿಪ್ಪೆ ಕಪ್ಪಾಗಿ ಒಳಗೆ ಮೆತ್ತಗಾಗುವವರೆಗೆ ಸುಡಿ. ಸಿಪ್ಪೆ ಸುಲಿದು ದಪ್ಪ ದಪ್ಪ ಹೆಚ್ಚಿ. ಮಸೆಯಬೇಡಿ. ಹೆಚ್ಚಿದ ಈರುಳ್ಳಿ, ಟೊಮೆಟೊ, ಎರಡು ಚಮಚ ವಿನೆಗರ್, ಉಪ್ಪು, ಪುಡಿ ಮೆಣಸು. ಒಗ್ಗರಣೆ ಇಲ್ಲ. ಅಡೋಬೊದ ಎಣ್ಣೆಯ ಜಿಡ್ಡಿಗೆ ಇದು ತಂಪಾಗಿ ಹೊಂದುತ್ತದೆ.

ಎರಡನೆಯದು ಸಿಹಿಕುಂಬಳ, ಅಲಸಂದೆ ಕಾಯಿಯನ್ನು ತೆಂಗಿನಹಾಲಲ್ಲಿ ಬೇಯಿಸಿದ್ದು. ಅಲ್ಲಿ ಇದಕ್ಕೆ ಸಿಗಡಿ ಸೇರಿಸುವುದು ಹೆಚ್ಚು. ಇಲ್ಲದೆಯೂ ಚೆನ್ನ. ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಕಾಲು ಕೆ.ಜಿ. ಕುಂಬಳದ ಹೋಳು ಮತ್ತು ಒಂದು ಕಪ್ ನೀರಾದ ತೆಂಗಿನಹಾಲು ಹಾಕಿ. ಕುಂಬಳ ಅರ್ಧ ಬೆಂದಾಗ ಬೆರಳುದ್ದ ಮುರಿದ ಅಲಸಂದೆ ಕಾಯಿ ಹಾಕಿ. ಎರಡೂ ಬೆಂದ ಮೇಲೆ ಅರ್ಧ ಕಪ್ ಗಟ್ಟಿ ಹಾಲು, ಉಪ್ಪು ಸೇರಿಸಿ, ಒಂದು ಸಣ್ಣ ಕುದಿ ಬಂದ ಕೂಡಲೇ ಇಳಿಸಿ.

ಅನ್ನ ಬಿಳಿಯದೇ ಇರಲಿ, ಜೀರಿಗೆ, ತುಪ್ಪ ಏನೂ ಬೇಡ. ಅಡೋಬೊದ ರಸ ಗಟ್ಟಿ, ಉಪ್ಪುಪ್ಪು. ಅದನ್ನು ಸಾರಿನ ಹಾಗೆ ಸುರಿಯದೆ, ಒಂದೆರಡು ಚಮಚ ಮೇಲೆ ಹಾಕಿ ಕಲಸಿ.

ಜಾಸ್ತಿಯೇ ಮಾಡಿ, ಪರವಾಗಿಲ್ಲ. ಮರುದಿನ ರಸ ಮಾಂಸಕ್ಕೆ ಇನ್ನೂ ಚೆನ್ನಾಗಿ ಹಿಡಿದಿರುತ್ತದೆ. ಫ್ರಿಜ್‌ನಲ್ಲಿ ಮೂರು ದಿನ ಇಡಬಹುದು. ಬೆಳಿಗ್ಗೆ ಜಜ್ಜಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು, ಹಿಂದಿನ ದಿನದ ಅನ್ನ ಉದುರಿಸಿ ಹಾಕಿ, ಉಪ್ಪು ಹಾಕಿ ಕೆದಕಿದರೆ ಸಿನಂಗಾಗ್ ರೆಡಿ. ಅದರ ಮೇಲೆ ಬಿಸಿ ಮಾಡಿದ ಅಡೋಬೊ, ಪಕ್ಕಕ್ಕೆ ಒಂದು ಹುರಿದ ಮೊಟ್ಟೆ ಇಟ್ಟರೆ ಅಲ್ಲಿಯವರ ಬೆಳಗಿನ ತಿಂಡಿಯೂ ಆಯಿತು.