ಅಮ್ಮ ಬಿದ್ದಳು, ತಪ್ಪು ಯಾರದ್ದು?

ನಮ್ಮ ಕಡೆ ನರ್ಸಿಂಗ್ ಹೋಮ್ ಅಂದರೆ ಸಣ್ಣ ಆಸ್ಪತ್ರೆ. ಹೆರಿಗೆಗೆ ಹೋಗುತ್ತೇವೆ, ನಾಲ್ಕು ದಿನ ಇದ್ದು ಬರುತ್ತೇವೆ. ಅಮೆರಿಕದಲ್ಲಿ ಹಾಗಲ್ಲ. ಇಲ್ಲಿ ಅದು ವಯಸ್ಸಾದವರು ಇರುವ ಜಾಗ, ಕೆಲವರಿಗೆ ಕೊನೇತನಕ. ಅಮ್ಮನನ್ನು ಸೇರಿಸಿದ ದಿನ ಊರಿಂದ ಚಿಕ್ಕಮ್ಮ ಫೋನ್ ಮಾಡಿ "ಯಾವಾಗ ಡಿಸ್ಚಾರ್ಜ್?" ಅಂತ ಕೇಳಿದರು. ಲೈನ್ ಸರಿಯಿಲ್ಲ ಅಂತ ಇಟ್ಟುಬಿಟ್ಟೆ.

ಸೇರಿಸುವಾಗ ಒಂದು ಕಟ್ಟು ಕಾಗದ ಕೊಡುತ್ತಾರೆ. ಇನ್ಶೂರೆನ್ಸು, ಔಷಧಿ ಪಟ್ಟಿ, ಅದೆಲ್ಲ ಮಾಡಿ ಮುಗಿಸಿ. ಆದರೆ ಆರ್ಬಿಟ್ರೇಷನ್ ಅಂತ ಕಂಡ ಕಡೆ ಪೆನ್ನು ಕೆಳಗಿಡಿ. ಅಲ್ಲಿ ಸಹಿ ಹಾಕಿದರೆ ಮುಂದೆ ಏನಾದರೂ ಆದಾಗ ಕೋರ್ಟ್ ಇಲ್ಲ, ಖಾಸಗಿ ಪಂಚಾಯ್ತಿ. ಮೆಡಿಕೇರ್, ಮೆಡಿಕೇಡ್ ಅನ್ನುವ ಸರ್ಕಾರಿ ಆರೋಗ್ಯ ವಿಮೆಯ ದುಡ್ಡು ತಗೊಳ್ಳುವ ನರ್ಸಿಂಗ್ ಹೋಮ್‌ಗಳು 2019ರ ನಿಯಮದ ಪ್ರಕಾರ ಆ ಸಹಿಗೆ ಒತ್ತಾಯ ಮಾಡುವ ಹಾಗಿಲ್ಲ. ಹಾಕಿದ್ದರೂ 30 ದಿನದೊಳಗೆ ವಾಪಸ್ ತಗೊಳ್ಳಬಹುದು. ನಾನೋ, ಓದುತ್ತಾ ಕೂತರೆ ಏನಂದುಕೊಳ್ಳುತ್ತಾರೋ ಅಂತ ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ಥ್ಯಾಂಕ್ಸ್ ಬೇರೆ ಹೇಳಿ ಬಂದೆ.

ಅಮ್ಮ ಬಿದ್ದದ್ದು 41ನೇ ದಿನ. ರಾತ್ರಿ ಬಾತ್‌ರೂಮಿಗೆ ಅಂತ ಎದ್ದವಳು ಸೊಂಟದ ಮೂಳೆ ಮುರಿದುಕೊಂಡಳು. ಸಹಾಯಕ್ಕೆ ಕರೆಯುವ ಗುಂಡಿ ದಿಂಬಿನ ಪಕ್ಕದಲ್ಲೇ ಇತ್ತು. ಯಾಕಮ್ಮ ಒತ್ತಲಿಲ್ಲ ಅಂದರೆ, "ಪಾಪ, ಆ ಹುಡುಗಿ ಆಗಷ್ಟೇ ಕೂತಿದ್ದಳು" ಅಂದಳು.

ಬುಸುಗುಡುತ್ತಾ ವಕೀಲರ ಹತ್ತಿರ ಹೋದೆ. ಬಿದ್ದರು ಅಂದ ಮಾತ್ರಕ್ಕೆ ಅವರ ತಪ್ಪು ಅಂತ ಆಗುವುದಿಲ್ಲ ಅಂದರು. ಬೀಳುವ ಸಂಭವ ಅವರಿಗೆ ಗೊತ್ತಿತ್ತಾ, ಗೊತ್ತಿರಬೇಕಿತ್ತಾ? ಗೊತ್ತಿದ್ದೂ ಏನು ಮಾಡಿದರು? ಮಾಡುತ್ತೇವೆ ಅಂತ ಬರೆದದ್ದನ್ನು ಮಾಡಿದರಾ? ಅದು ಮಾಡದಿದ್ದಕ್ಕೇ ಬಿದ್ದರಾ? ಕೇಸು ನಿಲ್ಲುವುದು ಇದರ ಮೇಲೆ. ಆಮೇಲೆ ನನ್ನ ಕಡೆ ತಿರುಗಿದರು. "ರಾತ್ರಿ ಎರಡು ಮೂರು ಸಲ ಏಳುತ್ತಾರೆ ಅಂತ ನೀವು ಹೇಳಿದ್ದಿರಾ?"

ಹೇಳಿದ್ದೆ. ಕಾರಿಡಾರಿನಲ್ಲಿ, ನಗುತ್ತಾ, ಯಾರಿಗೋ. ಹಿಂದಿನ ವಾರ ಒಮ್ಮೆ ಜಾರಿ ಕೂತಿದ್ದಳು. ಅವರೇ ಫೋನ್ ಮಾಡಿ ತಿಳಿಸಿದಾಗ "ಇರಲಿ ಬಿಡಿ, ಪರವಾಗಿಲ್ಲ" ಅಂದಿದ್ದೆ! ಆವತ್ತೇ ಕೇರ್ ಪ್ಲಾನ್, ಅಂದರೆ ಅಮ್ಮನನ್ನು ಹೇಗೆ ನೋಡಿಕೊಳ್ಳುತ್ತೇವೆ ಅಂತ ಅವರು ಬರೆದಿಡುವ ಯೋಜನೆ, ಬದಲಾಯಿಸಿ ಅಂತ ಇಮೇಲ್ ಹಾಕಬೇಕಿತ್ತು. ಅವರ ಫೈಲಿನಲ್ಲಿ ಏನಿತ್ತು ಗೊತ್ತಾ? ಗುಂಡಿ ಒತ್ತಲು ಹೇಳಿದ್ದೇವೆ, ಅವರಿಗೆ ಅರ್ಥವಾಗಿದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಯಾರು ಏನಂದರೂ ತಲೆ ಆಡಿಸಿ "ಓಕೆ ಓಕೆ" ಅನ್ನುತ್ತಾಳೆ. ತನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿದುಕೊಳ್ಳುವ ಹಕ್ಕು ಅವಳಿಗಿತ್ತು. ಕೇಳಬೇಕಾದವರು ನಾವು, ಅಲ್ವಾ?

ಸೇರಿದ 48 ಗಂಟೆಯೊಳಗೆ ಮೊದಲ ಕೇರ್ ಪ್ಲಾನ್ ಆಗಬೇಕು. ಅದನ್ನು ಕೇಳಿ ತಗೊಳ್ಳಿ. ಬಿದ್ದರೆ ಹೊತ್ತು, ಬೆಳಕು, ನೆಲ, ಕಾಲಲ್ಲಿ ಏನಿತ್ತು ಅಂತ ಬರೆದಿಡಿ, ಫೋಟೋ ತೆಗೆಯಿರಿ. ದಾಖಲೆ ನೋಡಬೇಕು ಅಂದರೆ, ರಜೆ ದಿನ ಬಿಟ್ಟು, 24 ಗಂಟೆಯೊಳಗೆ ತೋರಿಸಬೇಕು. ಪ್ರತಿ ರಾಜ್ಯದಲ್ಲೂ ಇಂಥ ದೂರು ಕೇಳುವ ಓಂಬುಡ್ಸ್‌ಮನ್ ಇದ್ದಾರೆ, ಅವರಿಗೆ ದುಡ್ಡು ಕೊಡಬೇಕಿಲ್ಲ. ಕೇಸು ಹಾಕುವ ಗಡುವು ರಾಜ್ಯಕ್ಕೊಂದು ಥರ, ತಡ ಮಾಡಬೇಡಿ. ಅಸಿಸ್ಟೆಡ್ ಲಿವಿಂಗ್‌ಗೆ, ಅಂದರೆ ದಿನದ ಕೆಲಸಕ್ಕೆ ಮಾತ್ರ ನೆರವು ಸಿಗುವ ವಯಸ್ಸಾದವರ ಮನೆಗಳಿಗೆ, ಈ ಫೆಡರಲ್ (ಕೇಂದ್ರ ಸರ್ಕಾರದ) ನಿಯಮ ಅನ್ವಯಿಸುವುದಿಲ್ಲ, ಅಲ್ಲಿ ರಾಜ್ಯದ್ದೇ ಕಾನೂನು.

ಇನ್ನೊಂದು. ಮಂಚದ ಎರಡೂ ಕಡೆ ಕಂಬಿ ಏರಿಸಿಬಿಡಿ ಅಂತ ನಾನು ಜಗಳ ಆಡಿದ್ದೆ. ಅವರು ಒಪ್ಪಲಿಲ್ಲ, ಅದು ಕಟ್ಟಿಹಾಕಿದ ಹಾಗೆ ಅಂದರು. ಕಂಬಿ ಹತ್ತಿ ಇಳಿಯಲು ಹೋಗಿ ಇನ್ನೂ ಎತ್ತರದಿಂದ ಬೀಳುವವರಿದ್ದಾರಂತೆ. ಆ ಒಂದು ವಿಷಯದಲ್ಲಿ ಅವರೇ ಸರಿ.

ಊರಲ್ಲಿ ನಮ್ಮಜ್ಜಿ ಬಚ್ಚಲಲ್ಲಿ ಬಿದ್ದಾಗ ತಪ್ಪು ಯಾರದ್ದು ಅಂತ ಯಾರೂ ಕೇಳಿರಲಿಲ್ಲ. ರಾತ್ರಿ ಅವಳು ಮಗ್ಗಲು ಬದಲಿಸಿದರೆ ಎಚ್ಚರವಾಗುವಷ್ಟು ಹತ್ತಿರ ಯಾರಾದರೂ ಮಲಗಿರುತ್ತಿದ್ದರು. ಇಲ್ಲಿ ಆ ಕೆಲಸ ಗುಂಡಿಯದ್ದು.

ಆಪರೇಷನ್ ಆದಮೇಲೆ ನನ್ನ ಮಗಳು ಒಂದು ರಟ್ಟಿನ ಮೇಲೆ "ಅಜ್ಜಿ, ಗುಂಡಿ ಒತಿ" ಅಂತ ಬರೆದು ಮಂಚದ ಎದುರು ಅಂಟಿಸಿದಳು. ಇಲ್ಲೇ ಹುಟ್ಟಿದ ಹುಡುಗಿ, ಒತ್ತಕ್ಷರ ಅಂದರೆ ಅಳುತ್ತಾಳೆ. ಅಮ್ಮ ಮೊದಲ ಸಲ ಗುಂಡಿ ಒತ್ತಿದ್ದು ಅದನ್ನು ತಿದ್ದೋಕೆ ಪೆನ್ನು ಬೇಕು ಅಂತ.